ಷರತ್ತು ಕಳಚಿದ ಆದೇಶ: 1962ರ ತುರ್ತು ಪರಿಸ್ಥಿತಿ ಮತ್ತು ಬಂಧಿತರ ಹಕ್ಕು

ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ತಮ್ಮ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲವೆಂದ ಎ.ಡಿ.ಎಂ. ಜಬಲ್‌ಪುರ ಪ್ರಕರಣದ (1976) ತೀರ್ಪು ತಪ್ಪೆಂಬುದು ಇಂದು ಬಹುಮಟ್ಟಿಗೆ ಒಪ್ಪಿತ ಮಾತು. ಎಚ್.ಎಂ. ಸೀರ್ವಾಯಿ 1978ರಲ್ಲೇ ಅದರ ವಿಮರ್ಶೆಗೆ ಒಂದು ಪುಸ್ತಕವನ್ನು ಮೀಸಲಿಟ್ಟರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ (2017) ಸುಪ್ರೀಂ ಕೋರ್ಟೇ ಅದನ್ನು ತಳ್ಳಿಹಾಕಿತು. ಆದರೆ ಆ ತೀರ್ಪಿಗೆ ನಾಲ್ವರು ನ್ಯಾಯಮೂರ್ತಿಗಳ ಅಳುಕೊಂದೇ ಕಾರಣವೆಂಬ ರೂಢಿಯ ಓದನ್ನು ಒಪ್ಪಲಾಗದು. ಅದರ ಬೇರು ಚೀನಾ ಯುದ್ಧದ ಕಾಲದ ಆದೇಶದಲ್ಲಿದೆ.

1962ರ ಅಕ್ಟೋಬರ್ 26ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್ 21ಕ್ಕೆ ಚೀನಾ ಕದನವಿರಾಮ ಸಾರಿದರೂ ಘೋಷಣೆ 1968ರ ಜನವರಿಯವರೆಗೆ ಜಾರಿಯಲ್ಲಿತ್ತು. ನವೆಂಬರ್ 3ರ ರಾಷ್ಟ್ರಪತಿಗಳ ಆದೇಶ 21 ಮತ್ತು 22ನೇ ವಿಧಿಗಳ ಹಕ್ಕಿಗಾಗಿ ಕೋರ್ಟಿನ ಮೊರೆಹೋಗುವುದನ್ನು ತಡೆಯಿತು. ಆದರೆ ಈ ತಡೆಗೆ ಒಂದು ಷರತ್ತಿತ್ತು: ಹಕ್ಕು ಹೋದದ್ದು ಭಾರತ ರಕ್ಷಣಾ ಸುಗ್ರೀವಾಜ್ಞೆ ಅಥವಾ ಅದರ ನಿಯಮಗಳ ಅಡಿಯಲ್ಲೇ ಆಗಿರಬೇಕು. ಮಖನ್ ಸಿಂಗ್ ಪ್ರಕರಣದಲ್ಲಿ (1963) ಗಜೇಂದ್ರಗಡ್ಕರ್ ಅವರ ಬಹುಮತದ ತೀರ್ಪು ತಡೆಯನ್ನು ಎತ್ತಿಹಿಡಿಯಿತು. ದುರುದ್ದೇಶದ ಬಂಧನವನ್ನೂ ಕಾಯ್ದೆಯನ್ನೇ ಮೀರಿದ ಬಂಧನವನ್ನೂ ಪ್ರಶ್ನಿಸಬಹುದೆಂದೂ ಹೇಳಿತು.

ಆ ಷರತ್ತಿನ ಬೆಲೆ ಏನೆಂಬುದು ಸಂಜಗಿರಿ ಪ್ರಕರಣದಲ್ಲಿ (1965) ಕಾಣುತ್ತದೆ. ಮುಂಬಯಿಯ ಜೈಲಿನಲ್ಲಿದ್ದ ಬಂಧಿತರೊಬ್ಬರು ಅಣುವಿಜ್ಞಾನದ ಕುರಿತು ಮರಾಠಿಯಲ್ಲಿ ಪುಸ್ತಕ ಬರೆದರು. ಹಸ್ತಪ್ರತಿಯನ್ನು ಅಚ್ಚಿಗಾಗಿ ಹೊರಗೆ ಕಳಿಸಲು ಸರ್ಕಾರ ಬಿಡಲಿಲ್ಲ. ನಿಯಮಗಳಲ್ಲಿ ಇಲ್ಲದ ನಿರ್ಬಂಧಕ್ಕೆ ರಾಷ್ಟ್ರಪತಿಗಳ ಆದೇಶದ ರಕ್ಷಣೆಯಿಲ್ಲವೆಂದು ಸುಪ್ರೀಂ ಕೋರ್ಟು ಬಂಧಿತರ ಪರ ನಿಂತಿತು.

1975ರ ಜೂನ್ 27ರ ಆದೇಶದಲ್ಲಿ ಇಂಥ ಷರತ್ತೇ ಇರಲಿಲ್ಲ. ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಆಡ್ವಾಣಿ ಮೊದಲಾದವರು ಕರ್ನಾಟಕ ಹೈಕೋರ್ಟಿಗೆ ಸಲ್ಲಿಸಿದ್ದ ಅರ್ಜಿಗಳೂ ಸೇರಿದಂತೆ ಹಲವು ಹೈಕೋರ್ಟುಗಳಿಂದ ಬಂದ ಪ್ರಶ್ನೆಯನ್ನು ತೀರ್ಮಾನಿಸುವಾಗ 1976ರ ಬಹುಮತ ಈ ವ್ಯತ್ಯಾಸವನ್ನೇ ಆಧಾರವಾಗಿ ಹಿಡಿಯಿತು. ಹಾಗಾದರೆ 1962ರಲ್ಲಿ ಉಳಿದ ಪರಿಹಾರ ಹಕ್ಕಿನ ಬಲದಿಂದ ಉಳಿದದ್ದಲ್ಲ, ಬಂಧಿಸುವ ಸರ್ಕಾರವೇ ಸೇರಿಸಿದ ಷರತ್ತಿನಿಂದ ಉಳಿದದ್ದು ಎನ್ನಬೇಕಾಗುತ್ತದೆ.

ಈ ಮಾತಿಗೆ ಮಿತಿಗಳಿವೆ. ದುರುದ್ದೇಶದ ಬಗೆಗಿನ ಮಖನ್ ಸಿಂಗ್ ವಿವೇಚನೆಯನ್ನು ಷರತ್ತಿನ ಹಂಗಿಲ್ಲದೆ ಓದಲು ಅವಕಾಶವಿದೆ. ಷರತ್ತಿಲ್ಲದ ಆದೇಶವನ್ನೇ ಎದುರಿಗಿಟ್ಟುಕೊಂಡು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಭಿನ್ನ ತೀರ್ಪು ಬರೆದರು. ಹಾಗಾಗಿ 1976ರ ತೀರ್ಪು ಅನಿವಾರ್ಯವಾಗಿತ್ತೆಂದು ನಾನು ವಾದಿಸುತ್ತಿಲ್ಲ. ಅದಕ್ಕೆ ದಾರಿ ಯುದ್ಧಕಾಲದಲ್ಲೇ ತೆರೆದಿತ್ತು ಎಂಬುದಷ್ಟೇ ನನ್ನ ವಾದ.

1978ರ 44ನೇ ತಿದ್ದುಪಡಿ 20 ಮತ್ತು 21ನೇ ವಿಧಿಗಳನ್ನು ಇಂಥ ಆದೇಶಗಳ ಕೈಗೆ ಸಿಗದಂತೆ ಮಾಡಿತು. 22ನೇ ವಿಧಿಗೆ ಆ ರಕ್ಷಣೆ ದೊರೆಯಲಿಲ್ಲ. ಇಲ್ಲಿನ ವಾದ ನಿಂತಿರುವುದು ಪ್ರಕಟಿತ ತೀರ್ಪುಗಳ ಮೇಲೆ. 1962ರಲ್ಲಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಒಯ್ದ ಸುಮಾರು 3,000 ಚೀನೀ ಮೂಲದವರ ಅನುಭವವನ್ನೂ ಸೇರಿಸಿ ನೋಡಿದರೆ ಮಖನ್ ಸಿಂಗ್ ತೆರೆದಿಟ್ಟ ಅವಕಾಶ ಇನ್ನಷ್ಟು ಕಿರಿದಾಗಿ ಕಾಣಬಹುದು. ಅದು ಪ್ರತ್ಯೇಕ ಅಧ್ಯಯನವನ್ನೇ ಬೇಡುತ್ತದೆ.