ಎಡೆದೊರೆ ನಾಡಿನಲ್ಲಿ ಮನೆಯ ಸಿಂಗಾರವೂ ಮನೆಯ ಕ್ರಯವೂ

ಕೃಷ್ಣಾ ತುಂಗಭದ್ರೆಗಳ ನಡುವಣ ಭೂಭಾಗಕ್ಕೆ ಪ್ರಾಚೀನ ಶಾಸನಗಳಲ್ಲಿ ಎಡೆದೊರೆ ನಾಡೆಂದು ಹೆಸರು. ಎರಡು ತೊರೆಗಳ ಎಡೆಯಲ್ಲಿರುವುದೇ ಎಡೆದೊರೆ. ಮುಂದೆ ಪಾರಸಿ ಭಾಷೆಯ ಆಳಿಕೆಯವರು ಇದನ್ನೇ ದೋಆಬ್ ಎಂದು ಕರೆದರು. ಈ ನಾಡಿನ ರಾಯಚೂರು ನಗರದಲ್ಲಿಯೂ, ಕೃಷ್ಣೆಯ ಕಡೆಗಿರುವ ದೇವದುರ್ಗದಲ್ಲಿಯೂ, ತುಂಗಭದ್ರೆಯ ಕಡೆಗಿರುವ ಮಾನವಿಯಲ್ಲಿಯೂ ಮಹಾನವಮಿಯಿಂದ ಬಲಿಪಾಡ್ಯದವರೆಗಿನ ಕಾಲವು ಮನೆಯ ಕಾಲವೆಂದೇ ಹೇಳಬಹುದು. ಮನೆಯನ್ನು ಸಾರಿಸಿ ಸುಣ್ಣ ಬಳಿದು ಸಿಂಗರಿಸುವುದು ಆಗಲೇ. ಮನೆಯನ್ನು ಕೊಡುವ ಕೊಳ್ಳುವ ಮಾತು ಪಕ್ವವಾಗುವುದೂ ಬಹುಮಟ್ಟಿಗೆ ಆಗಲೇ. ಒಂದು ಮನೆಯ ಮೇಲಣ ಮಮತೆಯನ್ನು ಬೆಳೆಸತಕ್ಕದ್ದು, ಇನ್ನೊಂದು ಅದನ್ನು ಕಡಿದುಕೊಳ್ಳತಕ್ಕದ್ದು. ಪರಸ್ಪರ ವಿರುದ್ಧವಾಗಿ ಕಾಣುವ ಇವೆರಡೂ ಒಂದೇ ಋತುವಿನಲ್ಲಿ ಕೂಡಿಬಂದುದು ಹೇಗೆಂಬುದನ್ನು ಹಳೆಯ ಧರ್ಮಶಾಸ್ತ್ರದಿಂದಲೂ ನಾಡಿನ ಚರಿತ್ರೆಯಿಂದಲೂ ತಿಳಿಯಬಹುದಾಗಿದೆ.

ಮೊದಲು ಮನೆಯ ಕಟ್ಟಡವನ್ನೇ ನೋಡತಕ್ಕದ್ದು. ಈ ಪ್ರಾಂತದ ಹಳೆಯ ಮನೆಗಳು ಕಲ್ಲುಮಣ್ಣಿನ ಗೋಡೆಯ, ಚಪ್ಪಟೆ ಮಾಳಿಗೆಯ ಮನೆಗಳು. ತೊಲೆ ಜಂತೆಗಳ ಮೇಲೆ ಕಟ್ಟಿಗೆ ಹಾಸಿ, ಅದರ ಮೇಲೆ ಮಣ್ಣು ಹೊದಿಸಿ, ಎಲ್ಲಕ್ಕೂ ಮೇಲೆ ನೀರಿಳಿಯಗೊಡದ ಸವುಳು ಮಣ್ಣನ್ನು ಹರಡುವುದು ರೂಢಿ. ರಾಯಚೂರು ಸೀಮೆಯಲ್ಲಿ ಮಳೆಯ ಬಲವೆಲ್ಲ ಭಾದ್ರಪದದ ಸುಮಾರಿಗೆ, ಎಂದರೆ ಸೆಪ್ಟೆಂಬರ್ ತಿಂಗಳಲ್ಲಿ. ಆದುದರಿಂದ ಮಳೆ ಹಿಂದೆಗೆದಾಗ ಯಾವ ಮಾಳಿಗೆ ಸೋರಿತು, ಯಾವ ಗೋಡೆ ಉಬ್ಬಿತು, ಯಾವ ಮೂಲೆಗೆ ಗೆದ್ದಲು ಹತ್ತಿತು ಎಂಬುದು ಬಚ್ಚಿಡಲಾಗದಂತೆ ಬೆಳಕಿಗೆ ಬರುತ್ತದೆ. ಪಿತೃಪಕ್ಷವು ಕಳೆದು ಘಟಸ್ಥಾಪನೆ ಬರುವುದರೊಳಗೆ ಮನೆಯೊಳಗಿನ ಪಾತ್ರೆ ಪದಾರ್ಥಗಳೆಲ್ಲ ಹೊರಗೆ ಬಂದು, ಕೌದಿಗಳು ಹಳ್ಳ ಹೊಳೆಗಳಲ್ಲಿ ತೊಳೆಯಲ್ಪಟ್ಟು, ಗೋಡೆಗೆ ಸುಣ್ಣವೂ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿಯೂ ನೆಲಕ್ಕೆ ಸೆಗಣಿಯ ಸಾರಣೆಯೂ ಆಗುತ್ತಿದ್ದವು. ಹೀಗೆ ಹಬ್ಬದ ಸಿಂಗಾರವು ಮೂಲತಃ ಮಳೆಗಾಲದ ದುರಸ್ತಿಯೇ ಹೊರತು ಬರಿಯ ಅಲಂಕಾರವಲ್ಲ.

ಅದರ ಮೇಲೆ ಹಬ್ಬದ ವಿಧಿಗಳು. ವಿಜಯದಶಮಿಯ ದಿನ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು ಮನೆಮನೆಗೆ ಹೋಗುವುದುಂಟು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬ, ನರಕಚತುರ್ದಶಿಯ ಅಭ್ಯಂಗ, ಅಮಾವಾಸ್ಯೆಯಂದು ಪೇಟೆಯ ವರ್ತಕರ ಲಕ್ಷ್ಮೀಪೂಜೆ ಹಾಗೂ ಲೆಕ್ಕದ ಪುಸ್ತಕಗಳ ಪೂಜೆ. ಪಾಡ್ಯದ ದಿನ ಒಕ್ಕಲಿಗರ ಮನೆಗಳಲ್ಲಿ ಸೆಗಣಿಯಿಂದ ಹಟ್ಟೆವ್ವನನ್ನೂ ಪಾಂಡವರನ್ನೂ ಮಾಡಿ, ಉತ್ತರಾಣಿಯ ಕಡ್ಡಿ, ಚೆಂಡುಹೂವುಗಳನ್ನು ಸಿಕ್ಕಿಸಿ ಹೊಸ್ತಿಲುಗಳಲ್ಲಿಡುವರು. ಇವೆಲ್ಲದರಲ್ಲಿ ಒಂದು ಸಾಮಾನ್ಯ ಲಕ್ಷಣವುಂಟು: ಸಿಂಗಾರವೆಲ್ಲ ಬೀದಿಯ ಕಡೆಗೆ ಮುಖ ಮಾಡಿರುವುದು. ರಂಗವಲ್ಲಿ, ತೋರಣ, ಹೊಸ್ತಿಲ ದೀಪ ಮೂರೂ ನೆರೆಯವರಿಗೆ ಕಾಣತಕ್ಕವು. ೧೫ನೆಯ ಶತಮಾನದ ಆದಿಯಲ್ಲಿ ವಿಜಯನಗರವನ್ನು ಕಂಡ ಇಟಲಿಯ ನಿಕೊಲೊ ಕೊಂಟಿಯು, ಒಂದು ಹಬ್ಬದಲ್ಲಿ ಗುಡಿಗಳ ಒಳಗೂ ಮಾಡಿನ ಮೇಲೂ ಅಸಂಖ್ಯಾತ ಎಣ್ಣೆಯ ದೀಪಗಳು ಹಗಲಿರುಳು ಉರಿಯುತ್ತಿದ್ದುದನ್ನು ಬರೆದಿರುವನು. ದೀಪವನ್ನು ಹೊರಮೈಗೆ ಇಡುವ ಪದ್ಧತಿ ಇಷ್ಟು ಹಳೆಯದು.

ಇನ್ನು ಕ್ರಯದ ವಿಚಾರ. ಪಂಚಾಂಗವನ್ನು ಕೇಳದೆಯೇ ಶುಭಕಾರ್ಯವನ್ನಾರಂಭಿಸಬಹುದಾದ ದಿನಗಳನ್ನು ಮೂರೂವರೆ ಮುಹೂರ್ತಗಳೆಂದು ಜನರು ಎಣಿಸುವರು. ಯುಗಾದಿ, ಅಕ್ಷಯತೃತೀಯೆ, ವಿಜಯದಶಮಿ ಇವು ಮೂರು ಪೂರ್ಣ, ಬಲಿಪಾಡ್ಯವು ಅರ್ಧ. ಇವುಗಳಲ್ಲಿ ಒಂದೂವರೆ ಈ ಋತುವಿನಲ್ಲಿಯೇ ಬಂದಿವೆ. ಪಿತೃಪಕ್ಷದಲ್ಲಿ ತಡೆದಿಟ್ಟ ಮಾತುಗಳು ಇಲ್ಲಿ ಬಿಡುಗಡೆ ಹೊಂದುತ್ತವೆ. ಸಂಚಕಾರ ಕೊಡುವುದೂ ಹೊಸ ಮನೆಯನ್ನು ಹೊಗುವುದೂ ಆಗುತ್ತವೆ. ವರ್ತಕರ ಲೆಕ್ಕದ ವರ್ಷ ಪಾಡ್ಯಕ್ಕೆ ಹೊಸದಾಗುವುದರಿಂದ ಹಳೆಯ ಸಾಲವನ್ನು ತೀರಿಸಬೇಕೆಂಬ ಒತ್ತಾಯವೂ ಆಗಲೇ. ನಿಜಾಮರ ರಾಜ್ಯದ ಫಸಲಿ ವರ್ಷವು ಸಹ ಆಜೂರ್ ಮಾಸದಿಂದ, ಎಂದರೆ ಅಕ್ಟೋಬರ್ ಮೊದಲ ವಾರದಿಂದ ಆರಂಭವಾಗುತ್ತಿತ್ತು. ಹೀಗೆ ದೇವರ ಲೆಕ್ಕ, ಸಾಹುಕಾರರ ಲೆಕ್ಕ, ಸರಕಾರದ ಲೆಕ್ಕ ಮೂರೂ ಒಂದೆಡೆ ಕೂಡಿದವು. ಆದರೆ ಇದು ಕಾಲದ ಅನುಕೂಲವಷ್ಟೆ. ಸಿಂಗಾರಕ್ಕೂ ಕ್ರಯಕ್ಕೂ ಇರುವ ಆಳವಾದ ಸಂಬಂಧವು ಧರ್ಮಶಾಸ್ತ್ರದಲ್ಲಿ ದೊರೆಯುತ್ತದೆ.

ಮೈಸೂರಿನಲ್ಲಿ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಮುದ್ರಿಸಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಾಸ್ತುವಿಕ್ರಯವೆಂಬ ಪ್ರಕರಣವೇ ಇದೆ. ಮನೆಯನ್ನು ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ಬಳಿಕ ನೆರೆಯವರಿಗೆ, ಬಳಿಕ ಸಾಲ ಕೊಟ್ಟವರಿಗೆ. ಇವರೆಲ್ಲರ ತರುವಾಯವೇ ಹೊರಗಿನವರಿಗೆ. ಮಾರತಕ್ಕವನು ನೆರೆಯ ನಾಲ್ವತ್ತು ಕುಲದವರ ಸಮಕ್ಷಮದಲ್ಲಿ, ಆ ಮನೆಯ ಮುಂದೆಯೇ ನಿಂತು, ಅದನ್ನು ಮಾರುವುದಾಗಿ ಸಾರಬೇಕು. ಎಲ್ಲೆಗಳನ್ನು ಇದ್ದಂತೆ ಹೇಳಿ ಮೂರು ಸಲ ಕೂಗಿದ ಮೇಲೆಯೂ ಯಾರೂ ಅಡ್ಡಿಮಾಡದಿದ್ದರೆ ಕೊಳ್ಳುವವನು ಕೊಳ್ಳಬಹುದು. ಮನೆಯ ಕ್ರಯವು ಮನೆಯ ಬಾಗಿಲಲ್ಲಿಯೇ, ನೆರೆಯವರ ಕಣ್ಣೆದುರಿಗೆ ನಡೆಯತಕ್ಕದ್ದೆಂಬುದು ಇದರ ಅಭಿಪ್ರಾಯ.

ಕ್ರಿ. ಶ. ೧೦೭೬ರಿಂದ ೧೧೨೬ರ ವರೆಗೆ ಆಳಿದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದನು. ಎಡೆದೊರೆ ನಾಡು ಆಗ ಅದೇ ಸಾಮ್ರಾಜ್ಯಕ್ಕೆ ಸೇರಿತ್ತು. ಗ್ರಾಮ, ಜ್ಞಾತಿ, ಸಾಮಂತ, ದಾಯಾದ ಇವರ ಅನುಮತಿಯಿಂದಲೂ, ಹೊನ್ನು ನೀರುಗಳ ದಾನದಿಂದಲೂ ಭೂಮಿಯು ಕೈಬದಲಾಗುವುದೆಂಬ ಸ್ಮೃತಿವಚನಕ್ಕೆ ಅವನು ಕೊಡುವ ಅರ್ಥವು ಮನನೀಯವಾದುದು. ಗ್ರಾಮದ ಅನುಮತಿ ವ್ಯವಹಾರವು ಬಹಿರಂಗವಾಗಲೆಂದು. ನೆರೆಯವರಾದ ಸಾಮಂತರ ಅನುಮತಿ ಎಲ್ಲೆಯ ವಿವಾದವು ಏಳದಿರಲೆಂದು. ದಾಯಾದರ ಅನುಮತಿ ವಿಭಾಗವಾಗಿದೆಯೋ ಇಲ್ಲವೋ ಎಂಬ ಸಂಶಯವು ಕಳೆಯಲೆಂದು. ಸ್ಥಾವರದ ವಿಕ್ರಯವನ್ನು ಸ್ಮೃತಿ ನಿಷೇಧಿಸಿದೆ, ದಾನವನ್ನೋ ಹೊಗಳಿದೆ. ಆದುದರಿಂದ ಮಾರಲೇಬೇಕಾಗಿ ಬಂದಾಗ ಹೊನ್ನನ್ನೂ ನೀರನ್ನೂ ಕೊಟ್ಟು ದಾನದ ರೂಪದಲ್ಲಿಯೇ ಮಾರತಕ್ಕದ್ದೆಂದು ಅವನು ನಿರ್ಣಯಿಸಿದನು. ದಾನಕ್ಕೆ ಪುಣ್ಯದಿನ ಬೇಕಷ್ಟೆ. ಆ ಕಾಲದ ಕನ್ನಡ ಶಾಸನಗಳಲ್ಲಿ ಭೂಮಿಯನ್ನೂ, ಕೈಯಳತೆಯಿಂದ ಗೊತ್ತುಪಡಿಸಿದ ಮನೆಯ ನಿವೇಶನಗಳನ್ನೂ ಉತ್ತರಾಯಣ ಸಂಕ್ರಾಂತಿ, ಗ್ರಹಣ ಮುಂತಾದ ಪರ್ವಕಾಲಗಳಲ್ಲಿ ಧಾರಾಪೂರ್ವಕವಾಗಿ ಬಿಟ್ಟುಕೊಟ್ಟುದು ಕಂಡುಬರುತ್ತದೆ. ಕ್ರಯವು ದಾನದ ವೇಷವನ್ನು ತೊಟ್ಟಾಗ ದಾನದ ತಿಥಿಯನ್ನೂ ತೊಟ್ಟಿತು. ಪರ್ವದಿನಕ್ಕೂ ಮನೆಯ ಕ್ರಯಕ್ಕೂ ಬಿದ್ದ ಗಂಟಿನ ಮೂಲವು ಇಲ್ಲಿದೆ.

ಸಿಂಗಾರದಿಂದ ದೋಷವನ್ನು ಮುಚ್ಚುವ ಭಯವೂ ಶಾಸ್ತ್ರಕಾರರಿಗೆ ತಿಳಿಯದುದಲ್ಲ. ಕೆಟ್ಟ ವಸ್ತುವನ್ನು ಒಳ್ಳೆಯದೆಂಬಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವನ್ನು ಯಾಜ್ಞವಲ್ಕ್ಯನು ವಿಧಿಸಿರುವನು. ಹಬ್ಬದ ಸುಣ್ಣವು ಸೋರಿಕೆಯ ಕಲೆಯನ್ನು ಮರೆಮಾಡಬಲ್ಲದು. ಆದರೆ ಆ ಮಳೆಗಾಲದಲ್ಲಿ ಆ ಮಾಳಿಗೆ ಎಷ್ಟು ಸೋರಿತೆಂಬುದನ್ನು ಪಕ್ಕದ ಮಾಳಿಗೆಯವರು ಬಲ್ಲರು. ನೆರೆಯವರ ಸಾಕ್ಷ್ಯವು ಕೊಳ್ಳುವವನಿಗೆ ರಕ್ಷೆಯಾಗಿದ್ದುದು ಹೀಗೆ.

ರಾಜ್ಯಗಳು ಬದಲಾದರೂ ಈ ನೀತಿಯು ಉಳಿಯಿತು. ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಹನನ್ನು ಸೋಲಿಸಿ ರಾಯಚೂರ ಕೋಟೆಯನ್ನು ಹಿಡಿದಾಗ, ಊರವರ ಆಸ್ತಿಗೆ ಧಕ್ಕೆಯಿಲ್ಲವೆಂದೂ, ಬಿಟ್ಟುಹೋಗುವವರು ತಮ್ಮ ಸೊತ್ತಿನೊಡನೆ ಹೋಗಬಹುದೆಂದೂ ಅಭಯವನ್ನಿತ್ತುದಾಗಿ ಪೋರ್ಚುಗೀಸ ನೂನಿಜನು ಬರೆದಿರುವನು. ಕೋಟೆ ಕೈಬದಲಾದರೂ ಮನೆ ಕೈಬದಲಾಗಬೇಕಾಗಿಲ್ಲವೆಂಬ ಈ ಮಾತು ಸಣ್ಣದಲ್ಲ. ಮುಸಲ್ಮಾನ ಧರ್ಮಶಾಸ್ತ್ರದಲ್ಲಿ ಶುಫಾ ಎಂಬ ಹಕ್ಕುಂಟು. ಹನಫೀ ಪಂಥದ ಪ್ರಕಾರ ಸ್ಥಿರಾಸ್ತಿಯನ್ನು ಕೊಳ್ಳುವ ಮುನ್ಹಕ್ಕು ಮೊದಲು ಪಾಲುಗಾರನಿಗೆ, ಬಳಿಕ ದಾರಿ ನೀರು ಮುಂತಾದವುಗಳಲ್ಲಿ ಸಮಭಾಗಿಯಾದವನಿಗೆ, ಬಳಿಕ ನೆರೆಯವನಿಗೆ. ಕೌಟಿಲ್ಯನ ಕ್ರಮದೊಡನೆ ಇದರ ಸಾಮ್ಯವು ಎದ್ದುಕಾಣುತ್ತದೆ. ಕೋಟೆಯ ಒಳಗಣ ಅಂದ್ರೂನ್ ಕಿಲ್ಲಾ, ಹೊರಗಣ ಬೇರೂನ್ ಕಿಲ್ಲಾ ಎಂದು ಎರಡಾಗಿದ್ದ ರಾಯಚೂರಿನಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳಿರಲು, ಎರಡೂ ಮತದವರಿಗೆ ನೆರೆಯವನ ಅನುಮತಿ ಅಪರಿಚಿತವಾದ ವಿಷಯವಾಗಿರಲಿಲ್ಲ. ಕ್ರಯಪತ್ರಕ್ಕೆ ಬೈನಾಮಾ ಎಂಬ ಹೆಸರು ಬಂದರೂ ನಾಲ್ಕು ದಿಕ್ಕಿನ ನೆರೆಯವರನ್ನು ಹೇಳುವ ಚಕ್ಕುಬಂದಿಯು ಬಿಡಲಿಲ್ಲ.

ಆದರೆ ಜ್ಞಾತಿ ದಾಯಾದರ ಈ ಬಲವು ಯಾವಾಗಲೂ ರಕ್ಷಣೆಗೇ ಒದಗಿತೆನ್ನಲಾಗದು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರ ಚರಿತ್ರೆಯನ್ನು ಹರಿದಾಸ ಸಂಪ್ರದಾಯದವರು ಹೇಳುವಾಗ, ತಂದೆ ತೀರಿದ ಬಳಿಕ ದಾಯಾದಿಗಳು ಆಸ್ತಿಯನ್ನು ಕಿತ್ತುಕೊಂಡುದರಿಂದ ವಿಧವೆಯಾದ ತಾಯಿಯು ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕಾಯಿತೆಂದು ಹೇಳುವರು. ಅನುಮತಿ ಕೊಡತಕ್ಕ ದಾಯಾದನೇ ಅಪಹರಿಸಿದರೆ ವಿಧವೆಗೆ ದಿಕ್ಕಾರು? ಇದಕ್ಕೆ ವಿರುದ್ಧವಾದ ಇನ್ನೊಂದು ಮನೆಯು ಮಾನವಿಯಲ್ಲಿದೆ. ಹರಿಕಥಾಮೃತಸಾರವನ್ನು ರಚಿಸಿ ೧೮೦೯ರಲ್ಲಿ ತೀರಿದ ಜಗನ್ನಾಥದಾಸರ ನಿವಾಸವು ದಾಸರ ಸನ್ನಿಧಿಯಾಗಿ, ಅವರು ಕೂಡುತ್ತಿದ್ದ ಕಂಬವೇ ಪೂಜೆಗೊಳ್ಳುತ್ತ, ಕ್ರಯಕ್ಕೆ ನಿಲುಕದ ಸ್ಥಳವಾಯಿತು. ಕಳೆದುಹೋದ ಮನೆ, ಎಂದಿಗೂ ಮಾರಲಾಗದ ಮನೆ: ಇವೆರಡರ ನಡುವೆಯೇ ಸಾಮಾನ್ಯ ಜನರ ಮನೆಗಳೆಲ್ಲವೂ ಇವೆ.

೧೮೫೩ರಲ್ಲಿ ದೋಆಬು ಇಂಗ್ಲಿಷರ ವಶಕ್ಕೆ ಹೋಗಿ ೧೮೬೦ರಲ್ಲಿ ನಿಜಾಮರಿಗೆ ಮರಳಿತು. ೧೮೭೧ರಲ್ಲಿ ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯ ರೈಲುದಾರಿಯೂ ರಾಯಚೂರಿನಲ್ಲಿ ಸಂಧಿಸಿದವು. ಅರಳೆ ಎಣ್ಣೆಕಾಳುಗಳ ವ್ಯಾಪಾರದಿಂದ ಪೇಟೆಯು ಬೆಳೆದು ಹೊರಗಿನವರು ಬಂದು ನೆಲಸಿದರು. ಹೊರಗಿನವನಿಗೆ ಊರಲ್ಲಿ ಜ್ಞಾತಿಯಿಲ್ಲ, ನೆರೆಯ ಪರಿಚಯವಿಲ್ಲ. ಅವನಿಗೆ ಬೇಕಾದುದು ಮುದ್ರೆಯೊತ್ತಿದ ಕಾಗದ. ಕ್ರಮೇಣ ಬಾಗಿಲ ಮುಂದಿನ ಸಾರಿಕೆಯ ಸ್ಥಾನವನ್ನು ನೋಂದಣಿಯ ಕಚೇರಿಯು ಆಕ್ರಮಿಸಿತು. ಹೈದರಾಬಾದು ಸಂಸ್ಥಾನವು ೧೯೪೮ರಲ್ಲಿ ಭಾರತದಲ್ಲಿ ಸೇರಿ, ೧೯೫೬ರಲ್ಲಿ ರಾಯಚೂರು ಜಿಲ್ಲೆಯು ಕನ್ನಡ ರಾಜ್ಯದಲ್ಲಿ ಕೂಡಿತು. ೧೯೬೨ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬರಿಯ ನೆರೆತನದ ಆಧಾರದ ಮೇಲೆ ಕೇಳುವ ಮುನ್ಹಕ್ಕು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಜಾತಿ ಮತಗಳ ಹೊರಗಿನವನನ್ನು ಕೇರಿಯೊಳಗೆ ಬಾರದಂತೆ ತಡೆಯಲು ಆ ಹಕ್ಕು ಸಾಧನವಾಗಿತ್ತೆಂಬ ವಿಚಾರವು ಅದರಲ್ಲಿತ್ತು. ನೆರೆಯವನ ಕಣ್ಣು ರಕ್ಷೆಯೂ ಆಗಬಹುದು, ಬೇಲಿಯೂ ಆಗಬಹುದು. ಹಳೆಯ ಪದ್ಧತಿಯನ್ನು ಹೊಗಳುವವರು ಇದನ್ನು ಮರೆಯಲಾಗದು.

ದಾಯಾದರ ಅನುಮತಿಯು ಮಾತ್ರ ಹೊಸ ರೂಪದಲ್ಲಿ ಉಳಿದುಕೊಂಡಿದೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ೨೨ನೆಯ ಕಲಮಿನಂತೆ, ಕೂಡಿ ಬಂದ ಆಸ್ತಿಯಲ್ಲಿ ಒಬ್ಬ ವಾರಸುದಾರನು ತನ್ನ ಪಾಲನ್ನು ಮಾರಹೋದರೆ ಉಳಿದವರಿಗೆ ಕೊಳ್ಳುವ ಮೊದಲ ಹಕ್ಕುಂಟು. ೧೯೯೪ರಲ್ಲಿ ಕರ್ನಾಟಕದ ತಿದ್ದುಪಡಿಯಿಂದಲೂ, ೨೦೦೫ರಲ್ಲಿ ದೇಶದ ತಿದ್ದುಪಡಿಯಿಂದಲೂ ಹೆಣ್ಣುಮಕ್ಕಳು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಸಮಭಾಗಿಗಳಾದರು. ವಿಜ್ಞಾನೇಶ್ವರನು ಎಣಿಸಿದ ಅನುಮತಿಗಳ ಸಾಲಿಗೆ ಹೀಗೆ ಒಂದು ಹೊಸ ಹೆಸರು ಸೇರಿತು.

ಈ ನಾಡಿನಲ್ಲಿ ಕೊಟ್ಟ ಹೆಣ್ಣುಮಗಳು ಹಬ್ಬಕ್ಕೆ ತವರಿಗೆ ಬರುವುದು ವಾಡಿಕೆ. ಬಂದವಳು ಹೊಸ್ತಿಲು ತೊಳೆದು, ರಂಗವಲ್ಲಿಯಿಟ್ಟು, ದೀಪ ಹಚ್ಚಿ ಮರಳುವಳು. ತಲೆತಲಾಂತರದಿಂದ ಮನೆಯ ಸಿಂಗಾರವು ಅವಳದು, ಮನೆಯ ಕ್ರಯವು ಗಂಡಸರದು ಎಂದು ಹಂಚಿಕೆಯಾಗಿತ್ತು. ಈಗ ಪಿತ್ರಾರ್ಜಿತ ಮನೆಯನ್ನು ಮಾರುವಾಗ ಅವಳ ರುಜುವಿಲ್ಲದ ಪತ್ರವನ್ನು ಜಾಣನಾದ ಯಾವ ಕ್ರಯದಾರನೂ ಒಪ್ಪುವುದಿಲ್ಲ. ಎಲ್ಲರೂ ಒಂದೆಡೆ ಕೂಡುವ ಹಬ್ಬದ ದಿನಗಳೇ ಈ ಮಾತಿಗೂ ಒದಗುತ್ತವೆ. ಆ ರುಜುವನ್ನು ಅರಿಶಿನ ಕುಂಕುಮದ ಜೊತೆಗೆ ಸೀರೆಯೊಂದನ್ನು ಕೊಟ್ಟು ಬರೆಯಿಸಿಕೊಳ್ಳುವ ಮನೆಗಳೂ ಉಂಟು, ನ್ಯಾಯವಾದ ಪಾಲನ್ನು ಕೊಟ್ಟು ಕೇಳುವ ಮನೆಗಳೂ ಉಂಟು. ಹಳೆಯ ಶಾಸ್ತ್ರಕಾರರು ಮನೆಯ ಮುಂದೆ ನಿಂತು ಮೂರು ಸಲ ಸಾರಬೇಕೆಂದು ವಿಧಿಸಿದುದು, ಹಕ್ಕುಳ್ಳವರ ಕಿವಿಗೆ ಅದು ಬೀಳಲೆಂದು. ಹಬ್ಬಕ್ಕೆ ಸಿಂಗಾರಗೊಂಡ ಹೊಸ್ತಿಲಿನ ಒಳಗೆ ಆ ಸಾರಿಕೆಯು ಮೊದಲು ಕೇಳಿಸಬೇಕಾದುದು, ಆ ಹೊಸ್ತಿಲನ್ನು ಸಿಂಗರಿಸಿದವಳಿಗೆ.