ಗೋಡೆ ಒಡೆದು ಬಾಗಿಲಿಟ್ಟರೆ ಮೇಲಿನ ಭಾರ ಯಾರು ಹೊರಬೇಕು?

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹಿರಿಯರು ಮನೆಯನ್ನು ಚದರ ಅಡಿಯಲ್ಲಿ ಅಳೆಯುತ್ತಿರಲಿಲ್ಲ. ಕನ್ನಡದವರು ‘ಐದಂಕಣದ ಮನೆ’ ಎನ್ನುತ್ತಿದ್ದರು, ಮರಾಠಿಯವರು ‘ಪಾಚ ಖಣಾಂಚೆ ಘರ’ ಎನ್ನುತ್ತಿದ್ದರು. ಅಂಕಣವೆಂದರೂ ಖಣವೆಂದರೂ ಒಂದೇ, ಕಂಬದಿಂದ ಕಂಬದವರೆಗಿನ ಜಾಗ. ಗಮನಿಸಿ, ಲೆಕ್ಕ ಕಂಬದ್ದು, ಗೋಡೆಯದಲ್ಲ! 1956ರಲ್ಲಿ ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಮನೆ ಕಟ್ಟುವ ಪದ್ಧತಿಗೆ ಮಾತ್ರ ಆ ಗಡಿ ತಿಳಿಯಲಿಲ್ಲ.

ಹಳೆಯ ಮಾಳಿಗೆ ಮನೆಯನ್ನು ಒಳಗಿನಿಂದ ನೋಡಿ. ನೆಲದ ಕಲ್ಲಿನ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಹಲಗೆ, ಅದರ ಮೇಲೆ ಒಂದೆರಡು ಅಡಿ ಮಣ್ಣು. ಈ ಮಣ್ಣಿನ ಭಾರ ಕಂಬದ ಮೂಲಕ ನೆಲಕ್ಕೆ ಇಳಿಯುತ್ತದೆ. ಎರಡು ಅಡಿಗೂ ದಪ್ಪ ಕಲ್ಲುಗೋಡೆ ಬಿಸಿಲಿಗೆ, ಕಳ್ಳರಿಗೆ ತಡೆ. ಆದ್ದರಿಂದ ಅಣ್ಣತಮ್ಮಂದಿರು ಬೇರೆಯಾದಾಗ ಹೊರಗೋಡೆಗೆ ಇನ್ನೊಂದು ಬಾಗಿಲು ಇಡುವುದು ಅಂಥ ದೊಡ್ಡ ಕೆಲಸವಾಗಿರಲಿಲ್ಲ. ಎರಡು ಕಂಬಗಳ ನಡುವೆ ಗೋಡೆ ಬಿಚ್ಚಿ, ಗೋಡೆಯ ದಪ್ಪದಷ್ಟೂ ಮೂರು-ನಾಲ್ಕು ಮರದ ತುಂಡುಗಳನ್ನು ಪಕ್ಕಪಕ್ಕ ಅಡ್ಡ ಇಟ್ಟರೆ ಆಯಿತು. ಆ ಮರ ಹೊರಬೇಕಾದದ್ದು ಬಾಗಿಲ ಮೇಲೆ ಉಳಿದ ನಾಲ್ಕು ಸಾಲು ಕಲ್ಲನ್ನು ಮಾತ್ರ, ಮಾಳಿಗೆಯನ್ನಲ್ಲ. (ಎಲ್ಲ ಮನೆಗೂ ಈ ಭಾಗ್ಯ ಇರಲಿಲ್ಲ ಎನ್ನಿ. ಮರ ಕೊಳ್ಳಲಾಗದವರು ಜಂತಿಯ ತುದಿಯನ್ನು ನೇರ ಗೋಡೆಯ ಮೇಲೆಯೇ ಕೂರಿಸುತ್ತಿದ್ದರು.)

ಕಂಬ, ಬೋದಿಗೆ, ತೊಲೆ ಈ ಮಾತುಗಳೆಲ್ಲ ದೇವಾಲಯದವೂ ಹೌದು. ನಿಲಂಗಾದ ನೀಲಕಂಠೇಶ್ವರ ಗುಡಿಯಲ್ಲಿ ಅದೇ ಕ್ರಮ ಕಲ್ಲಿನಲ್ಲಿದೆ. ಕಲ್ಲು ಒತ್ತಡ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಅದಕ್ಕೇ ಕಲ್ಲಿನ ತೊಲೆ ಗಿಡ್ಡ, ಕಂಬಗಳು ಹತ್ತಿರ ಹತ್ತಿರ. ಮುಂದೆ ಉದಗೀರ, ಬೀದರ ಕೋಟೆಗಳ ಕಮಾನು ಬಾಗಿಲುಗಳಲ್ಲಿ ಭಾರ ಎರಡೂ ಬದಿಗೆ ಸರಿಯಿತು. ಆದರೆ ಕಮಾನು ಬದಿಗೆ ತಳ್ಳುತ್ತದೆ, ತಡೆಯಲು ಕೋಟೆಯಂಥ ಗೋಡೆ ಬೇಕು. ರೈತನ ಮನೆಗೆ ಮರವೇ ಸರಿ.

ಈ ಲೆಕ್ಕ ತಪ್ಪಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಹಿಂದಿನ ದಿನವಷ್ಟೇ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ನಾಲ್ಕು ಗಂಟೆಗೆ ಕೆಲವೇ ನಿಮಿಷ ಇರುವಾಗ ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರ ಮುಂತಾದ ಹಳ್ಳಿಗಳು ನೆಲಸಮವಾದವು. ಸತ್ತವರು 7,500ಕ್ಕೂ ಹೆಚ್ಚು. ಗೋಡೆಗಳು ನೋಡಲು ದಪ್ಪ, ಆದರೆ ಒಳಮುಖ ಬೇರೆ, ಹೊರಮುಖ ಬೇರೆ, ನಡುವೆ ಕಲ್ಲುಚೂರು ಮತ್ತು ಮಣ್ಣು. ಎರಡನ್ನೂ ಹಿಡಿಯುವ ಉದ್ದನೆಯ ಹಾಸುಗಲ್ಲು ಇರಲಿಲ್ಲ. ನೆಲ ಅಲುಗಿದಾಗ ಎರಡು ಮುಖಗಳೂ ಸೀಳಿ ಬಿದ್ದವು. ಎಷ್ಟೋ ಕಡೆ ಗೋಡೆ ಬಿದ್ದರೂ ಮರದ ಚೌಕಟ್ಟು ನಿಂತೇ ಇತ್ತು! ಆದರೂ ಜನರಿಗೆ ಕಲ್ಲಿನ ಜೊತೆಗೆ ಮರದ ಮೇಲೂ ಭಯ ಹುಟ್ಟಿತು. ಮರವನ್ನು ದೂಷಿಸಿದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ನಂತರ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿದರು. ಹೊಸ ಮನೆಗಳಲ್ಲಿ ಅಂಕಣವಿಲ್ಲ, ಸ್ಲ್ಯಾಬನ್ನು ಗೋಡೆಯೇ ಹೊರುತ್ತದೆ. ಬಾಗಿಲ ತಲೆಯ ಮಟ್ಟದಲ್ಲಿ ಮನೆಯ ಸುತ್ತಲೂ ಸಿಮೆಂಟು-ಕಬ್ಬಿಣದ ಪಟ್ಟಿ ಇರುತ್ತದೆ, ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿ ಇದ್ದಂತೆ. ಕುಟುಂಬ ಬೆಳೆದಂತೆ ಜನ ಕೋಣೆ ಸೇರಿಸಿದರು, ಹೊಸ ಬಾಗಿಲು ಕೊರೆದರು. ಅಂಕಣದ ಮನೆಯ ಧೈರ್ಯದಲ್ಲಿ ಈ ಗೋಡೆಗೆ ಸುತ್ತಿಗೆ ಹಾಕಿದರೆ ಗತಿಯೇನು? ಇಲ್ಲಿ ಬಾಗಿಲ ಮೇಲೆ ಕಲ್ಲಷ್ಟೇ ಅಲ್ಲ, ಇಡೀ ಮಾಳಿಗೆ ಕೂತಿದೆ. ಬಾಗಿಲು ಎತ್ತರವಾಗಲೆಂದು ಆ ಪಟ್ಟಿಯನ್ನೇ ಕತ್ತರಿಸಿದರಂತೂ ಹಳಿ ಕಡಿದ ಚಕ್ರವೇ ಸರಿ.

ಕ್ರಮ ಹೀಗಿದೆ. ಮೊದಲು ಜಂತಿ ಯಾವ ಗೋಡೆಯ ಮೇಲೆ ಕೂತಿದೆ ನೋಡಬೇಕು. ಒಳಗೆ ಮಾಳಿಗೆಗೆ ಊರೆ ಕೊಡಬೇಕು. ಬಾಗಿಲು ಬರುವ ಜಾಗದ ಮೇಲೆ ಸಣ್ಣ ತೂತು ಕೊರೆದು ಗೋಡೆಯ ಆರಪಾರ ಗಟ್ಟಿ ತೊಲೆ ತೂರಿಸಿ, ಎರಡೂ ಬದಿ ಊರೆಯ ಮೇಲೆ ನಿಲ್ಲಿಸಬೇಕು. ಆಮೇಲೆಯೇ ಲಿಂಟಲ್ ಕೂರುವಷ್ಟು ಮಾತ್ರ ಗೋಡೆ ಬಿಡಿಸುವುದು. ಲಿಂಟಲ್ ಎರಡೂ ತುದಿಯಲ್ಲಿ ಗೇಣಿಗಿಂತ ಕಡಿಮೆ ಕೂರಬಾರದು, ಕೆಳಗೆ ಸಡಿಲ ಕಲ್ಲಿರಬಾರದು. ಅದರ ಮತ್ತು ಮೇಲಿನ ಗೋಡೆಯ ನಡುವಿನ ಸಂದಿಗೆ ಗಟ್ಟಿ ಗಾರೆ ಜಡಿದು ಒಣಗಲು ಬಿಟ್ಟು, ಕೊನೆಗೆ ಕೆಳಗಿನ ಗೋಡೆ ಒಡೆಯುವುದು. ನಮ್ಮಲ್ಲಿ ಇದೇ ಕೆಲಸ ತಿರುಗುಮುರುಗು: ಮೊದಲು ಒಡೆತ, ಆಮೇಲೆ ಲಿಂಟಲ್ಲಿಗೆ ಓಡಾಟ!

ಮಣ್ಣುಗಾರೆಯ ಹಳೆಯ ಗೋಡೆಯಾದರೆ ಮೊದಲು ಅದನ್ನೇ ಬಿಗಿಯಬೇಕು. ಭೂಕಂಪದ ನಂತರ ಉಳಿದ ಮನೆಗಳ ಗೋಡೆಗೆ ಆರಪಾರ ತೂತು ಕೊರೆದು, ಕೊಕ್ಕೆಯ ಸಲಾಕೆ ಇಟ್ಟು ಕಾಂಕ್ರೀಟ್ ತುಂಬುವ ವಿಧಾನ ಬಂತು, ಇಲ್ಲದ ಹಾಸುಗಲ್ಲಿಗೆ ಬದಲಿಯಾಗಿ. ಹೊಸ ಗೋಡೆಗೆ ಪ್ರತಿ 60 ಸೆಂ.ಮೀ. ಎತ್ತರಕ್ಕೆ ಒಂದು ಸಾಲು ಹಾಸುಗಲ್ಲು, ಕಲ್ಲಿನಿಂದ ಕಲ್ಲಿಗೆ 1.2 ಮೀಟರಿಗಿಂತ ಹೆಚ್ಚು ಅಂತರವಿರಬಾರದು ಎಂಬುದು ಭಾರತೀಯ ಮಾನಕದ ಮಾತು. ಆ ಮಾನಕ ಪುಸ್ತಕದ ವರ್ಷವೂ 1993.