ಉಜಿರೆಯಲ್ಲಿ ಮೊದಲಾದ ಸ್ವಉದ್ಯೋಗದ ಪಾಠ

ಹಳ್ಳಿಗಳ ಹತ್ತಿರಕ್ಕೆ ಶಾಲೆ ಕಾಲೇಜುಗಳು ಬಂದ ಮೇಲೆ ದಕ್ಷಿಣ ಕನ್ನಡದಲ್ಲಿ ಓದಿದ ತರುಣರು ಹೆಚ್ಚಿದರೇ ಹೊರತು ಅವರಿಗೆ ಒಪ್ಪುವ ಕೆಲಸ ಊರಿನಲ್ಲಿ ಹೆಚ್ಚಲಿಲ್ಲವಾದ್ದರಿಂದ, ಮುಂಬಯಿಯ ಹೋಟೆಲುಗಳತ್ತ ಹೊರಡುವುದು ಇಲ್ಲವೇ ಸರಕಾರಿ ನೌಕರಿಗೆ ಕಾಯುತ್ತ ಕೂರುವುದು ಬಹುಮಂದಿಯ ಪಾಡಾಗಿತ್ತು. ಕೇಂದ್ರ ಸರಕಾರ 1979ರಲ್ಲಿ ಆರಂಭಿಸಿದ ‘ಟ್ರೈಸೆಮ್’, ಅಂದರೆ ಗ್ರಾಮೀಣ ಯುವಜನರಿಗೆ ಸ್ವಉದ್ಯೋಗದ ತರಬೇತಿ ಕೊಡುವ ಯೋಜನೆ, 18ರಿಂದ 35 ವರ್ಷದವರಿಗೆ ಶಿಷ್ಯವೇತನದೊಡನೆ ಕಸುಬು ಕಲಿಸಿತಾದರೂ, ಕಲಿತವರಲ್ಲಿ ಅನೇಕರು ಸಾಲ ದೊರೆಯದೆಯೋ ಮಾರುಕಟ್ಟೆಯ ಅರಿವಿಲ್ಲದೆಯೋ ಅದನ್ನು ಕೈಬಿಟ್ಟರು.

ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ಗ್ರಾಮೀಣ ಅಭಿವೃದ್ಧಿ ಮತ್ತು ಸ್ವಉದ್ಯೋಗ ತರಬೇತಿ ಸಂಸ್ಥೆ, ಜನರ ಬಾಯಲ್ಲಿ ‘ರುಡ್‌ಸೆಟ್’, ಹಿಡಿದ ದಾರಿ ಬೇರೆ. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಅಲ್ಲಿನ ಶಿಕ್ಷಣ ಟ್ರಸ್ಟಿನ ಜೊತೆಗೂಡಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೆರಡೂ ಇದೇ ಕರಾವಳಿಯಲ್ಲಿ ಬೆಳೆದವು. ಅದರಲ್ಲೂ ಸಿಂಡಿಕೇಟ್ ಬ್ಯಾಂಕ್ 1928ರಿಂದಲೇ ಪಿಗ್ಮಿ ಠೇವಣಿಯ ಹೆಸರಿನಲ್ಲಿ ಮನೆಮನೆಯಿಂದ ದಿನಕ್ಕೆ 2 ಆಣೆಯಷ್ಟು ಸಣ್ಣ ಉಳಿತಾಯವನ್ನೂ ಕೂಡಿಸಿ ಬಡವರ ನೆಚ್ಚಿಕೆ ಗಳಿಸಿತ್ತು.

ತರಬೇತಿ, ಊಟ, ವಸತಿ ಎಲ್ಲವೂ ಉಚಿತವಾಗಿದ್ದು, ಅವಧಿ ಕೆಲವೇ ವಾರಗಳದ್ದಾದ್ದರಿಂದ ಮನೆಯ ದುಡಿಮೆಯನ್ನು ಬಹುಕಾಲ ಬಿಟ್ಟಿರಲಾಗದ ಹುಡುಗ ಹುಡುಗಿಯರೂ ಬರಬಹುದಾಗಿತ್ತು. ಹೊಲಿಗೆ, ಹೈನುಗಾರಿಕೆ, ಮೋಟಾರ್ ರಿವೈಂಡಿಂಗ್‌ನಂಥ ಕಸುಬುಗಳಷ್ಟೇ ಮುಖ್ಯವಾಗಿ ಅಲ್ಲಿ ಕಲಿಸುವುದು ‘ಸಾಧನಾ ಪ್ರೇರಣೆ’ಯನ್ನು, ಅಂದರೆ ತನಗೆ ತಾನೇ ಗುರಿಯಿಟ್ಟುಕೊಂಡು ಅದನ್ನು ಮುಟ್ಟುವ ಹಂಬಲವನ್ನು. ಇದಕ್ಕಾಗಿ ಆಡಿಸುವ ಬಳೆಯೆಸೆತದ ಆಟದಲ್ಲಿ ನೆಟ್ಟ ಗೂಟದಿಂದ ಎಷ್ಟು ದೂರ ನಿಲ್ಲಬೇಕೆಂಬುದನ್ನು ಎಸೆಯುವವರೇ ಆರಿಸಿಕೊಳ್ಳಬೇಕು. ತೀರ ಹತ್ತಿರ ನಿಂತವರ ಅಂಜಿಕೆಯೂ ತೀರ ದೂರ ನಿಂತವರ ದುಡುಕೂ ಅಲ್ಲೇ ಬಯಲಾಗಿ, ಸಾಲ ಮಾಡುವಾಗ ತಾಳಬೇಕಾದ ಹದ ಯಾವುದೆಂಬುದು ಉಪನ್ಯಾಸವಿಲ್ಲದೆ ಮನದಟ್ಟಾಗುತ್ತದೆ. ತರಬೇತಿ ಮುಗಿದ ಮೇಲೆ ಎರಡು ವರ್ಷ ನಡೆಯುವ ‘ಅನುಸರಣೆ’ಯಲ್ಲಿ, ಅಂದರೆ ಕಲಿತವರ ಬೆನ್ನಿಗೆ ನಿಂತು ಬ್ಯಾಂಕ್ ಸಾಲಕ್ಕೂ ವ್ಯವಹಾರದ ತೊಡಕಿಗೂ ನೆರವಾಗುವುದರಲ್ಲಿ, ಈ ಪದ್ಧತಿಯ ನಿಜವಾದ ಸತ್ವವಿದೆ; ಸ್ವಾವಲಂಬನೆಯನ್ನು ಬೋಧಿಸಿ ತರುಣರನ್ನು ಒಂಟಿಯಾಗಿ ಬಿಟ್ಟುಬಿಡುವ ಯಾವ ನೀತಿಯೂ ಇದಕ್ಕೆ ಸಮನಾಗಲಾರದು.

2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಈ ಮಾದರಿಯನ್ನೇ ಸ್ವೀಕರಿಸಿ, ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ‘ಆರ್‌ಸೆಟಿ’ ಎಂಬ ಸಂಸ್ಥೆಗಳನ್ನು ತೆರೆಯಲು ಮುಂದಾಯಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿಹೋದರೂ ಉಜಿರೆಯ ತರಬೇತಿ ನಿಲ್ಲಲಿಲ್ಲ.